ಗಂಧಕದ ಹೊಗೆ ಮುಟ್ಟದ ರುಮಾಲು

ಬಾಗಿಲಿಗೆ ಅಂಟಿಸಿದ್ದ ಕಾಗದ ಹರಿದು, ಅರಗಿನ ಮುದ್ರೆ ಒಡೆದು, ಎರಡೂ ಕದಗಳನ್ನು ಒಮ್ಮೆಲೇ ದೂಡಿದಾಗ ಒಳಗಿಂದ ನುಗ್ಗಿದ ಗಾಳಿಗೆ ಪೇಟೆಯ ಮಂದಿ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

ಸುಟ್ಟ ಗಂಧಕದ ನಾತ. ಗಂಟಲಲ್ಲಿ ಜಾಲಿಮುಳ್ಳು ಸಿಕ್ಕಿಕೊಂಡ ಹಾಗೆ ಉರಿ.

ಬನಹಟ್ಟಿಯ ಪೇಟೆಯಲ್ಲಿ ಜಿನ್ನಪ್ಪನ ಅರಿವೆ ಅಂಗಡಿ ಅಂದರೆ ಹಬ್ಬಕ್ಕೂ ಮದುವೆಗೂ ಜನ ಮುಗಿಬೀಳುವ ಜಾಗ. ಊರಿಗೆ ಬಂದ ಸಿಡುಬು ಅಲ್ಲಿಂದಲೇ ಹಬ್ಬಿತೆಂದು ಮಂದಿ ನಂಬಿದ್ದರು. ಮಾಲೀಕ ಜಿನ್ನಪ್ಪನನ್ನೂ ಅದು ಬಿಟ್ಟಿರಲಿಲ್ಲ. ಅವನು ತೀರಿಕೊಂಡ ಮೇಲೆ ಜಮಖಂಡಿಯಿಂದ ಸಂಸ್ಥಾನದ ಹುಕುಮು ಬಂತು. ಅಂಗಡಿಯೊಳಗೆ ಗಂಧಕ ಸುಟ್ಟು, ಸಂದುಗೊಂದಿಗೆಲ್ಲ ಕಾಗದ ಅಂಟಿಸಿ, ಹೊಗೆ ತುಂಬಿ ಮುಚ್ಚಿದರು. ಇವತ್ತು ಮುಂಜಾನೆ ಅದನ್ನು ತೆರೆಯುವ ದಿನ. ಹೊರಗೆ ಹಂಡೆಗಳಲ್ಲಿ ಸುಣ್ಣ ಕೊತಕೊತ ಕುದಿಯುತ್ತಿತ್ತು. ಗೋಡೆಗಳಿಗೆ ಬಳಿಯಬೇಕಾದ ಆಳುಗಳು ಬೀದಿಯ ಆಚೆ ದಂಡೆಗೇ ನಿಂತಿದ್ದರು.

"ಇನ್ನಷ್ಟು ಗಾಳಿ ಆಡ್ಲಿ, ತಡೀರಿ ಸಾಹೇಬ್ರ," ಎಂದ ದೇವಿ ಡಾಕ್ಟರ್ ಅನಂತಪ್ಪ. ಊರೂರು ತಿರುಗಿ ಮಕ್ಕಳ ತೋಳಿಗೆ ಸಿಡುಬಿನ ಲಸಿಕೆ ಚುಚ್ಚುವುದು ಅವನ ನೌಕರಿ. ಸಿಡುಬೆಂದರೆ ಈ ಕಡೆ ದೇವಿ ಬೇನೆ, ಅದಕ್ಕೇ ಮಂದಿ ಇಟ್ಟ ಹೆಸರು ಅದು. ಅಂಗಡಿಗೆ ಹೊಗೆ ಹಾಕಿ ಮುದ್ರೆ ಒತ್ತಿದವನೂ ಅವನೇ.

ಫೌಜದಾರ ಶಿವಯೋಗೆಪ್ಪ ತಡೆಯಲಿಲ್ಲ. ಎಳೆತನದಲ್ಲಿ ಸಿಡುಬು ಅವನ ಮುಖವನ್ನೆಲ್ಲ ಕುಣಿ ತೋಡಿ ಬಿಟ್ಟುಹೋಗಿತ್ತು. ಒಮ್ಮೆ ಬಂದು ಹೋದವರ ಹತ್ತಿರ ಅದು ಮತ್ತೆ ಸುಳಿಯುವುದಿಲ್ಲ. ಹಾಗಾಗಿ ಈ ಬೇನೆಯ ಕಾಲದಲ್ಲಿ ಬೇರೆಯವರು ಕಾಲಿಡಲು ಅಂಜುವಲ್ಲಿ ಅವನನ್ನೇ ಕಳಿಸುತ್ತಿದ್ದರು. ಪಂಚೆಯ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಹೊಸ್ತಿಲು ದಾಟಿದ.

ದಾಟಿದವನು ಅಲ್ಲೇ ನಿಂತ.

ಗಾದಿಯ ಮೇಲೆ ಯಾರೋ ಕೂತಿದ್ದರು.

ಲೋಡಿಗೆ ಒರಗಿ, ಚಕ್ಕಳಮಕ್ಕಳ ಹಾಕಿ, ತೊಡೆಯ ಮೇಲೆ ಬಟ್ಟೆ ಅಳೆಯುವ ಗಜ ಅಡ್ಡ ಇಟ್ಟುಕೊಂಡು, ಬಾಗಿಲ ಕಡೆಗೇ ನೋಡುತ್ತ. ತಲೆಗೆ ಕೆಂಪು ರುಮಾಲು. ಹಣೆಗೆ ಮೂರೆಳೆ ವಿಭೂತಿ. ಬೆಳಗಿನ ಗಿರಾಕಿಗೆ 'ಬರ್ರಿ, ಏನ್ ತೋರಸ್ಲಿ' ಅನ್ನುವುದೊಂದೇ ಬಾಕಿ.

"ಯಾರಂವಾ?" ಎಂದು ಶಿವಯೋಗೆಪ್ಪ ಗದರಿಸಿದ. ಉತ್ತರ ಬರುವುದಿಲ್ಲವೆಂದು ಕೇಳುವಾಗಲೇ ಅವನಿಗೆ ಗೊತ್ತಿತ್ತು. ಅರ್ಧ ತೆರೆದ ಆ ಕಣ್ಣುಗಳ ಮೇಲೆ ತೆಳ್ಳಗೆ ದೂಳು ಕೂತಿತ್ತು.

ಗಿರಿಮಲ್ಲಪ್ಪ. ಜಿನ್ನಪ್ಪನ ವ್ಯಾಪಾರದ ಪಾಲುದಾರ. ರಬಕವಿಯವನು.

ಬೆನ್ನ ಹಿಂದೆ ಧೊಪ್ಪೆಂದು ಸಪ್ಪಳವಾಯಿತು. ಹೊಸ್ತಿಲವರೆಗೆ ಬಂದಿದ್ದ ಶಿಪಾಯಿ ಭೀಮಪ್ಪನ ಕೈಯಿಂದ ಲಾಠಿ ಬಿದ್ದಿತ್ತು.

"ಎಪ್ಪಾ ಶಿವನ! ನಾ ಹಿತ್ತಲ ಬಾಗ್ಲಾ ಕಾಯ್ಕೋಂತ ಕುಂತಿದ್ನಲ್ರಿ! ಈ ಮನಷ್ಯಾ ಒಳಗ ಹೆಂಗ ಬಂದ?"

"ಕಾಯ್ಕೋಂತ ಕುಂತಿದ್ದಿ, ಒಟ್ಟ ಏಳಲಿಲ್ಲ?"

"ಮಧ್ಯಾನ ರೊಟ್ಟಿ ತಿನ್ನಾಕ ಅಷ್ಟ ಹೋಗ್ತಿದ್ದೆ ರೀ. ಗಂಧಕದ ನಾತಾ ಕುಡದು ಹೊಟ್ಟಿ ತುಂಬತೈತೇನ್ರಿ?"

ಅನಂತಪ್ಪ ಬಾಗಿಲಲ್ಲೇ ನಿಂತು ಇಣುಕಿದ. ಮುಖ ಬಿಳುಚಿತ್ತು. ಆದರೂ ಮಾತು ತಯಾರಾಗಿತ್ತು. "ಏನರ ತಗೋಳ್ಳಾಕಂತ ಮೊದ್ಲ ಒಳಗ ಹೊಕ್ಕು ಅಡಗಿರಬೇಕ್ರಿ. ನಾವು ಹೊರಗಿಂದ ಮುಚ್ಚಿದ್ವಿ. ಹೊಗಿ ಕುಡದು ಹ್ವಾದ. ಪಾಪ."

ಬೀದಿಯಲ್ಲಿ ಆ ಮಾತು ಬಾಯಿಂದ ಬಾಯಿಗೆ ಹರಿಯಿತು. ಹೊಗೆ ಕುಡಿದು ಸತ್ತ. ಪಾಪ. ಸತ್ತ ಜಿನ್ನಪ್ಪ ಪಾಲುದಾರನನ್ನು ಕರೆದುಕೊಂಡ ಅಂತ ಒಬ್ಬ ಮುದುಕಿ ಸೇರಿಸಿದಳು.

ಶಿವಯೋಗೆಪ್ಪ ಒಳಗೇ ಕೂತ. ಹೆಣದ ಎದುರಿಗೆ, ಗಿರಾಕಿ ಕೂಡುವ ಜಾಗದಲ್ಲಿ.

ಹೊಗೆ ಕುಡಿದವನು ಹೀಗೆ ಕೂಡುವುದಿಲ್ಲ. ಬಾಗಿಲು ಬಡಿಯುತ್ತಾನೆ, ಉಗುರು ಕಿತ್ತುಹೋಗುವ ಹಾಗೆ ಕದ ಪರಚುತ್ತಾನೆ, ಕೆಮ್ಮಿ ಕೆಮ್ಮಿ ನೆಲಕ್ಕೆ ಬೀಳುತ್ತಾನೆ. ಇವನ ಉಗುರು ನೆಟ್ಟಗಿದ್ದವು. ವಿಭೂತಿಯ ಗೆರೆ ಒಂದಿಷ್ಟೂ ಕದಲಿರಲಿಲ್ಲ. ಲಿಂಗಾಯತರ ಹೆಣವನ್ನು ಕುಣಿಯಲ್ಲಿ ಕೂಡಿಸುವುದು ಹೀಗೇ. ಕೊಂದವನು ಶಾಸ್ತ್ರ ಮರೆತಿರಲಿಲ್ಲ.

ರುಮಾಲಿನ ಸೆರಗು ಕೊರಳ ಸುತ್ತ ಒಂದು ಸುತ್ತು ಬಂದಿತ್ತು. ಶಿವಯೋಗೆಪ್ಪ ಅದನ್ನು ಬೆರಳ ತುದಿಯಿಂದ ಸರಿಸಿದ. ಕೆಳಗೆ ಸಣ್ಣ ಕಪ್ಪು ಗೆರೆ. ಈ ಕಿವಿಯಿಂದ ಆ ಕಿವಿಯವರೆಗೆ ನೂಲಿನ ಹುರಿ ಒತ್ತಿದ ಗುರುತು.

ಬನಹಟ್ಟಿಯಲ್ಲಿ ನೂಲಿಗೆ ಬರವಿಲ್ಲ. ಯಾವ ಮನೆಯ ಮಗ್ಗದಿಂದ ಬಂದದ್ದು ಅಂತ ಯಾರನ್ನು ಕೇಳುವುದು?

ಅವನು ತಲೆಯೆತ್ತಿದ. ಗಾದಿಯ ಮೇಲಿನ ಗೋಡೆಗೆ ಪದ್ಮಾವತಿ ದೇವಿಯ ಪಟ. ಅಂಗಡಿ ಮುಚ್ಚುವ ಮೊದಲು ಜಿನ್ನಪ್ಪನ ಹೆಂಡತಿ ಪದ್ಮವ್ವ ಹೊರಗಿಂದಲೇ ಹೂವು ಕೊಟ್ಟು ಕಳಿಸಿದ್ದಳು. ಪಟಕ್ಕೆ ಏರಿಸಿದವನು ಶಿವಯೋಗೆಪ್ಪನೇ. ಕೆಂಪು ದಾಸವಾಳ. ಅವನಿಗೆ ಚೆನ್ನಾಗಿ ನೆನಪಿತ್ತು.

ಈಗ ಅಲ್ಲಿದ್ದದ್ದು ಬಿಳಿ ಹೂವು. ಬಾಡಿದ, ಬೂದಿಬಿಳುಪಿನ, ನೆತ್ತರು ಬಸಿದುಹೋದ ಹೂವು.

ಗಂಧಕದ ಹೊಗೆ ಬಣ್ಣ ತಿನ್ನುತ್ತದೆ. ಹೊಗೆ ಹಿಡಿಯಲೆಂದು ನೆಲಕ್ಕೆ, ಗೋಡೆಗೆ ನೀರು ಚಿಮುಕಿಸಿದ್ದರು. ತೇವ ಇದ್ದಲ್ಲಿ ಅದಕ್ಕೆ ಹಸಿವು ಹೆಚ್ಚು. ಗೂಟಕ್ಕೆ ತೂಗುಹಾಕಿದ್ದ ಕೆಂಪು ನೂಲಿನ ಲಡಿಗಳು ಹಳೆಯ ಇಟ್ಟಂಗಿಯ ಬಣ್ಣಕ್ಕೆ ಇಳಿದಿದ್ದವು. ಗಾದಿಯ ಅಂಚಿನ ನೀಲಿ ಪಟ್ಟಿ ಮಾಸಿತ್ತು. ಇಡೀ ಅಂಗಡಿ ಒಂದು ಮುಪ್ಪು ಹಿಡಿದ ಕನಸಿನ ಹಾಗೆ ಕಾಣುತ್ತಿತ್ತು.

ಅದರ ನಡುವೆ ಗಿರಿಮಲ್ಲಪ್ಪನ ರುಮಾಲು ಮಾತ್ರ ಕೆಂಡದಂತೆ ಕೆಂಪು.

ಹೊಗೆ ತನ್ನ ಕೆಲಸ ಮುಗಿಸಿದ ಮೇಲೆ ಈ ಮನುಷ್ಯ ಒಳಗೆ ಬಂದಿದ್ದಾನೆ. ಮುದ್ರೆ ಒತ್ತಿ ಮುಚ್ಚಿದ ಅಂಗಡಿಯೊಳಗೆ.

ಹೊರಗೆ ಬಂದಾಗ ಎದುರಿನ ಅಂಗಡಿಯ ಅಕ್ಕವ್ವ ಕಾಯುತ್ತಿದ್ದಳು. ಪುಠಾಣಿ, ಚುರುಮುರಿ ಮಾರುವ ಹೆಂಗಸು. ಇಡೀ ಪೇಟೆಯ ಸುದ್ದಿ ಅವಳ ಬುಟ್ಟಿಯಲ್ಲಿ.

"ಫೌಜದಾರ್ರ, ನಾ ಒಂದ ಮಾತ ಹೇಳ್ತೀನಿ. ನಗಬ್ಯಾಡ್ರಿ."

"ನಗೂ ಹೊತ್ತಲ್ಲ ಇದು ಅಕ್ಕವ್ವ. ಹೇಳು."

"ನಿನ್ನಿ ಮಧ್ಯಾನ ಬಿಸಲ ಹೊತ್ನ್ಯಾಗ ಪ್ಯಾಟಿ ಎಲ್ಲಾ ಖಾಲಿ. ಈ ಮುಚ್ಚಿದ ಅಂಗಡಿ ಒಳಗ ಅರಿವಿ ಹರಿಯೂ ಸಪ್ಪಳ ಕೇಳಿಸ್ತು. ಪರ್‍ರ್ ಅಂತ. ಜಿನ್ನಪ್ಪಗೋಳು ಹರಿತಿದ್ರಲ್ಲ, ಕತ್ರಿ ಹಚ್ಚದ, ಹಲ್ಲಿನಿಂದ ತುದಿ ಕಚ್ಚಿ, ಒಂದ ಉಸರಿನ್ಯಾಗ. ಅದ ಸಪ್ಪಳ. ಮತ್ತೊಂದ ಸಲ. ಮತ್ತೊಂದ ಸಲ." ಅವಳು ತನ್ನ ತೋಳು ತಾನೇ ಉಜ್ಜಿಕೊಂಡಳು. "ಸತ್ತ ಮ್ಯಾಲೂ ಯಾಪಾರ ಬಿಡವಲ್ಲಂತ ಅನ್ಕೊಂಡು ಬಾಗ್ಲಾ ಹಾಕ್ಕೊಂಡೆ."

ಶಿವಯೋಗೆಪ್ಪ ನಗಲಿಲ್ಲ. ಹಿತ್ತಲಿಗೆ ಹೋದ.

ಹಿತ್ತಲ ಬಾಗಿಲಿನ ಕಾಗದ ಇನ್ನೂ ಹರಿದಿರಲಿಲ್ಲ. ಅರಗಿನ ಮೇಲೆ ದೇವಿ ಡಾಕ್ಟರನ ಮುದ್ರೆ ಸ್ವಚ್ಛವಾಗಿ ಮೂಡಿತ್ತು. ಮುಂಬಾಗಿಲಿನ ಹರಿದ ಕಾಗದದ ತುಣುಕೊಂದು ಅವನ ಜೇಬಿನಲ್ಲಿತ್ತು. ತೆಗೆದು ಮೂಸಿದ. ಗಂಧಕ. ಕಾಗದದ ಎಳೆ ಎಳೆಯೂ ಹೊಗೆ ಹೀರಿಕೊಂಡಿತ್ತು. ಬಗ್ಗಿ ಹಿತ್ತಲ ಬಾಗಿಲ ಕಾಗದ ಮೂಸಿದ.

ಜೋಳದ ಗಂಜಿ. ಬರೀ ಜೋಳದ ಗಂಜಿ. ನೇಕಾರರು ಮಗ್ಗದ ಹಾಸುನೂಲಿಗೆ ಕುಡಿಸುವ ಹಿಟ್ಟಿನ ಹಸಿ ವಾಸನೆ. ಉಗುರಿನಿಂದ ಕೆರೆದರೆ ಇನ್ನೂ ಮೆತ್ತಗೆ.

"ಭೀಮಪ್ಪ," ಎಂದು ಮೆಲ್ಲಗೆ ಕರೆದ. "ದೇವಿ ಡಾಕ್ಟರ್ರನ್ನ ಇಲ್ಲಿಗೆ ಕರಕೊಂಡ ಬಾ. ನೀನೂ ಇಲ್ಲೇ ನಿಂದ್ರು."

ಅನಂತಪ್ಪ ಬಂದ. ಹಿತ್ತಲಿನ ಕಲ್ಲಿನ ಕಟ್ಟೆಯ ಮೇಲೆ ಶಿವಯೋಗೆಪ್ಪ ಅವನನ್ನು ಕೂಡಿಸಿದ. ತಾನು ನಿಂತೇ ಇದ್ದ.

"ಅನಂತಪ್ಪನವರ, ನಿಮ್ಮ ಮುದ್ರಿ ಯಾರ ಕೈಯಾಗರ ಕೊಟ್ಟಿದ್ರೇನು?"

"ಛೇ ಛೇ! ಕೊರಳಾಗ ಕಟ್ಕೊಂಡ ಮಲಗ್ತೀನ್ರಿ."

"ಹಂಗಾರ ಈ ಬಾಗ್ಲಕ್ಕ ಎರಡನೇ ಸಲ ಮುದ್ರಿ ಒತ್ತಿದವ್ರು ನೀವ."

"ಎರಡನೇ ಸಲ? ಏನಂತೀರಿ ಸಾಹೇಬ್ರ?"

"ಮೂಸಿ ನೋಡ್ರಿ. ಇದು ಹೊಗಿ ಕಂಡ ಕಾಗದಲ್ಲ. ಒಳಗ ಕುಂತ ಮನಷ್ಯಾನ ರುಮಾಲೂ ಹೊಗಿ ಕಂಡಿಲ್ಲ. ಅವನ ಕೊರಳಿಗೆ ಹುರಿ ಬಿಗದಾರ. ಕೊಂದು, ಕೂಡಿಸಿ, ಇಲ್ಲಿಂದ ಹೊರಗ ಬಂದು, ಕಾಗದಾ ಹಚ್ಚಿ, ಮುದ್ರಿ ಒತ್ತ್ಯಾರ. ಮುದ್ರಿ ನಿಮ್ದು. ನಾ ಇನ್ನೇನು ತಿಳಕೋಬೇಕು, ನೀವ ಹೇಳ್ರಿ."

ಅನಂತಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಕೊಂದಿಲ್ರಿ. ನನ್ನ ಮಕ್ಕಳಾಣಿ, ಕೊಂದಿಲ್ಲ. ಖರೆ, ಕಾಗದಾ ನಾನ ಹಚ್ಚೀನಿ."

"ಯಾಕ?"

"ಅಂಜಿ."

"ಯಾರಿಗೆ?"

ಭೀಮಪ್ಪ ಲಾಠಿ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಎಲ್ಲೋ ಎರಡು ಮನೆಯಾಚೆ ಮಗ್ಗದ ಲಟಲಟ ನಿಂತು, ಮತ್ತೆ ಶುರುವಾಯಿತು.

"ನಿನ್ನಿ ಮಧ್ಯಾನ ಹಿಂಗ ನೋಡ್ಕೊಂಡ ಹೋಗೂನಂತ ಬಂದೆ," ಎಂದು ಅನಂತಪ್ಪ ಕಡೆಗೆ ಶುರುಮಾಡಿದ. "ಭೀಮಪ್ಪ ಇರ್ಲಿಲ್ಲ. ಕಾಗದಾ ಹರದಿತ್ತು. ಕೀಲಿ ತಗದಿತ್ತು, ಒಡದಿರ್ಲಿಲ್ಲ. ಬಾಗ್ಲಾ ದೂಡಿದೆ. ಹೊಗಿ ಇಳದಿತ್ತು, ಒಳಗೆಲ್ಲಾ ಕತ್ತಲಿ. ಅರಿವಿ ಹರಿಯೂ ಸಪ್ಪಳ ಬರಾಕತ್ತಿತ್ತು. ಕಣ್ಣ ಹೊಂದಿದ ಮ್ಯಾಲೆ ನೋಡ್ತೀನಿ... ನೆಲದ ಮ್ಯಾಲೆ ಒಬ್ರು ಕುಂತಾರ. ಬಿಳಿ ಅರಿವಿ ಪಟ್ಟಿ ಪಟ್ಟಿ ಹರದು ಕೈಗೆ ಸುತ್ಕೋತಾರ, ಕೊರಳಿಗೆ ಸುತ್ಕೋತಾರ, ಮುಖಕ್ಕ ಸುತ್ಕೋತಾರ. ಕಣ್ಣ ಅಷ್ಟ ಹೊರಗ."

"ಯಾರು?"

"ನನ್ನ ಕಡೆ ನೋಡಿದ್ರು. ನೋಡಿ ಅಂದ್ರು, 'ಅನಂತಪ್ಪ, ಬಾಗ್ಲಾ ಮುಚ್ಚು, ಬೆಳಕ ಬರ್ತೈತಿ.'" ಅನಂತಪ್ಪ ಹಿತ್ತಲ ಬಾಗಿಲ ಕಡೆ ನೋಡಿದ. "ಆ ದನಿ ಕೇಳೀನ್ರಿ ನಾನು. ಹುಟ್ಟಿದಾಗಿಂದ ಒಂದ ಓಣ್ಯಾಗ ಬೆಳದೇವಿ. ಅವರು ಜಿನ್ನಪ್ಪಗೋಳು."

ಭೀಮಪ್ಪ 'ಶಿವ ಶಿವಾ' ಎಂದು ಗೋಡೆಗೆ ಒರಗಿದ.

ಜಿನ್ನಪ್ಪನ ಹೆಣಕ್ಕೆ ಹೆಗಲು ಕೊಟ್ಟವರು ನಾಲ್ವರು. ಬೇನೆಯ ಅಂಜಿಕೆಗೆ ಬೀಗರು ಬಿಜ್ಜರು ಯಾರೂ ಬಂದಿರಲಿಲ್ಲ. ಅನಂತಪ್ಪ, ಭೀಮಪ್ಪ, ಗಿರಿಮಲ್ಲಪ್ಪ, ನಾಲ್ಕನೆಯವನು ಶಿವಯೋಗೆಪ್ಪನೇ. ಸುಣ್ಣದ ನೀರಲ್ಲಿ ಅದ್ದಿದ ಅರಿವೆಯಲ್ಲಿ ಸುತ್ತಿದ ಹೆಣ, ಬೇನೆ ಬಂದವರನ್ನು ಇಡುವ ಊರ ಹೊರಗಿನ ಜೋಪಡಿಯಿಂದ ಸುಡುಗಾಡಿನವರೆಗೆ. ಉರಿ ಹತ್ತಿ ಬೂದಿಯಾಗುವ ತನಕ ಅಲ್ಲೇ ನಿಂತಿದ್ದ.

"ಜೋಪಡ್ಯಾಗ ಸತ್ತಾಂವ ಜಿನ್ನಪ್ಪ ಅಂತ ಹೇಳಿದವ್ರು ಯಾರು? ನೀವ ನೋಡಿ ಬರದ ಕೊಟ್ಟ್ರಿ."

"ನೋಡಾಕ ಏನ ಉಳದಿತ್ರಿ ಆ ಮುಖದಾಗ? ತಲಿಯಿಂದ ಕಾಲತನಕಾ ಗುಳ್ಳಿ, ಕೀವು. ಕಣ್ಣ ಮುಚ್ಚಿದ್ದು. ಹೆತ್ತ ತಾಯಿ ಗುರ್ತ ಹಿಡೀತಿರ್ಲಿಲ್ಲ. ಗಿರಿಮಲ್ಲಪ್ಪ 'ಇವರ ನಮ್ಮ ಜಿನ್ನಪ್ಪ' ಅಂತ ಅತ್ತ. ನಾ ಬರದೆ."

"ಮತ್ತ ನಿನ್ನಿ ನೋಡಿದ ಮ್ಯಾಲೆ ನನಗ್ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ನಾವು ಸುಟ್ಟಾವ್ರು ಅಂಗಡ್ಯಾಗ ಕುಂತು ಅರಿವಿ ಹರಿಯಾಕತ್ತಾರಂತ ಹೇಳ್ಲಿ? ದೆವ್ವಾದ್ರ ನನಗ ಹುಚ್ಚ ಹಿಡದೈತಿ. ಮನಷ್ಯಾ ಆದ್ರ..." ಅವನು ತಲೆಯೆತ್ತಿದ. ಕಣ್ಣು ಕೆಂಪಾಗಿದ್ದವು. "ಮನಷ್ಯಾ ಆದ್ರ ಬ್ಯಾರೆ ಯಾರನ್ನೋ ಸುಟ್ಟೀನಿ ನಾನು. ಹೆಸರಿಲ್ಲದ, ಮಂದಿ ಇಲ್ಲದ ಹೆಣಾ. ನನ್ನ ನೌಕರಿ ಹೋಗ್ಲಿ, ಜೈನರ ಓಣ್ಯಾಗ ನನಗ ನೀರ ಕೊಡೂದಿಲ್ಲ. ಓಡಿದೆ. ಮನಿಗೆ ಹೋಗಿ ಗಂಜಿ, ಕಾಗದಾ, ಅರಗು ತಗೊಂಡ ಬಂದೆ. ಅಷ್ಟರಾಗ ಒಳಗ ಸಪ್ಪಳ ನಿಂತಿತ್ತು. ಇಣಿಕಿ ನೋಡೂ ಧೈರ್ಯ ಬರ್ಲಿಲ್ಲ. ಹಂಗ ಬಾಗ್ಲಾ ಎಳದು ಮುಚ್ಚಿಬಿಟ್ಟೆ."

ಹಾಗಾದರೆ ಅನಂತಪ್ಪ ಗಂಜಿಗೆಂದು ಹೋಗಿ ಬರುವಷ್ಟು ಹೊತ್ತು ಈ ಬಾಗಿಲು ಬಾಯಿ ತೆರೆದುಕೊಂಡೇ ಇತ್ತು. ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು, ಯಾರು ಬೇಕಾದರೂ ಹೊರಗೆ ಬರಬಹುದಿತ್ತು. ಅನಂತಪ್ಪ ಹೇಳಿದ್ದು ಖರೆಯಾದರೆ.

"ಕೀಲಿಕೈ ಎಲ್ಲೆಲ್ಲಿ ಅದಾವು?"

"ಒಂದು ನಿಮ್ಮ ಚಾವಡ್ಯಾಗ. ಇನ್ನೊಂದು ಜಿನ್ನಪ್ಪಗೋಳ ಮನ್ಯಾಗ, ಪದ್ಮವ್ವನ ಕಡೆ."

ಶಿವಯೋಗೆಪ್ಪ ಸೂರ್ಯನ ಕಡೆ ನೋಡಿದ. ಹೆಣವನ್ನು ಗಾಡಿಗೆ ಏರಿಸಬೇಕು, ಗಿರಿಮಲ್ಲಪ್ಪನ ಮನೆಗೆ ಹೇಳಿ ಕಳಿಸಬೇಕು. ರಬಕವಿ ಕೂಗಳತೆಯ ದೂರ. ಆದರೆ ಅದು ಸಾಂಗಲಿ ಸಂಸ್ಥಾನದ ಹದ್ದು. ಅಲ್ಲಿ ಅವನ ಮಾತು ನಡೆಯುವುದಿಲ್ಲ. ಜಿನ್ನಪ್ಪನೆಂಬವನು ಬದುಕಿದ್ದು ಆ ಹದ್ದು ದಾಟಿದರೆ ಹುಡುಕುವುದು ಆಮೇಲೆ ದೇವರ ಕೆಲಸ. ಮೈಮೇಲೆ ಬೇನೆಯ ಹೊಪ್ಪಳಿಕೆ ಹೊತ್ತುಕೊಂಡು ತಿರುಗುತ್ತಿದ್ದರಂತೂ ಕೊಲೆಗಿಂತ ದೊಡ್ಡ ಕೇಡು. ಕೂತಲ್ಲಿ, ಮುಟ್ಟಿದಲ್ಲಿ ಸಿಡುಬು ಬಿತ್ತಿಕೊಂಡು ಹೋದ ಹಾಗೆ.

ಪಂಚನಾಮೆ ಮುಗಿಸಿ, ಅಂಗಡಿಗೆ ಬೇರೆ ಶಿಪಾಯಿಗಳನ್ನು ಕಾವಲಿಟ್ಟು ಅವರು ಮೂವರೂ ಬಸದಿ ಓಣಿಗೆ ಬರುವಷ್ಟರಲ್ಲಿ ಹೊತ್ತು ಇಳಿಮುಖವಾಗಿತ್ತು. ಅನಂತಪ್ಪನನ್ನು ಶಿವಯೋಗೆಪ್ಪ ಬೇಕೆಂದೇ ಜೊತೆಗೆ ಕರೆತಂದಿದ್ದ. ದನಿ ಗುರುತಿಸಿದವನು ಮುಖವನ್ನೂ ಗುರುತಿಸಲಿ. ಭೀಮಪ್ಪ ಹಿಂದಿನಿಂದ, ಕಾಲೆಳೆಯುತ್ತ.

ಓಣಿಯ ಉದ್ದಕ್ಕೂ ಬಾಗಿಲುಗಳಿಗೆ ಬೇವಿನ ತೊಪ್ಪಲು. ಮಕ್ಕಳ ಗದ್ದಲವಿಲ್ಲ. ಜಿನ್ನಪ್ಪನ ಮನೆಯ ಮುಂದೆ ಮಾತ್ರ ಯಾರೋ ಇವತ್ತು ಸಾರಿಸಿ, ರಂಗೋಲಿ ಹಾಕಿದ್ದರು.

ಗಂಡ ಸತ್ತ ಮನೆಯ ಮುಂದೆ ರಂಗೋಲಿ.

ಶಿವಯೋಗೆಪ್ಪ ಚಿಲಕ ಬಡಿದ. ಒಳಗಿಂದ ಬಳೆಯ ಸದ್ದು ಹತ್ತಿರ ಬಂತು. ಬಾಗಿಲು ತೆರೆಯಿತು.

ಪದ್ಮವ್ವನ ಹಣೆಯಲ್ಲಿ ಕುಂಕುಮವಿತ್ತು. ಮೊಣಕೈಯವರೆಗೆ ಹಸಿರು ಬಳೆ. ಗಂಡನ ಹೆಣ ಊರು ದಾಟಿದ ದಿನ ಅವಳ ಬಳೆ ಒಡೆದ ಸಪ್ಪಳವನ್ನು ಇಡೀ ಓಣಿ ಕೇಳಿತ್ತು. ಈಗ ಅವಳು ಬೆಚ್ಚಲೂ ಇಲ್ಲ, ಸೆರಗಿನಿಂದ ಕೈ ಮುಚ್ಚಿಕೊಳ್ಳಲೂ ಇಲ್ಲ.

"ಬರ್ರಿ ಅಣ್ಣಾರ," ಎಂದಳು, ದಿನಾ ಬರುವ ನೆಂಟರಿಗೆ ಹೇಳುವ ಹಾಗೆ. "ಸಾವಕಾಶ ಮಾತಾಡ್ರಿ. ಹೊತ್ತ ಮುಣಗೂದ್ರಾಗ ಉಣಬೇಕಲ್ಲ, ಈಗರ ತಾಟಿನ ಮುಂದ ಕುಂತಾರ."

"ಯಾರವ್ವಾ?" ಅವನ ದನಿ ಅವನಿಗೇ ದೂರದಿಂದ ಬಂದಂತಿತ್ತು.

ಅವಳು ಪಕ್ಕಕ್ಕೆ ಸರಿದಳು.

ಪಡಸಾಲೆಯಲ್ಲಿ, ಇಳಿಬಿಸಿಲು ಬಿದ್ದ ಕಡೆ, ಬೆನ್ನು ಹಾಕಿ ಒಬ್ಬ ಮನುಷ್ಯ ಕೂತಿದ್ದ. ತಲೆಯಿಂದ ಭುಜದವರೆಗೆ ಬಿಳಿ ಅರಿವೆಯ ಪಟ್ಟಿ. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಅವಸರವಿಲ್ಲದೆ ಅಗಿಯುತ್ತಿದ್ದ. ಅಗಿದು ನುಂಗಿ, ನೀರು ಕುಡಿದು, ಗಿಂಡಿ ಕೆಳಗಿಟ್ಟು, ಪಟ್ಟಿಯ ತುದಿ ಬಿಚ್ಚತೊಡಗಿದ. ಒಂದೊಂದೇ ಸುತ್ತು.

ಕಡೆಯ ಸುತ್ತು ಬಿಚ್ಚಿ ಅವನು ತಿರುಗಿದ.

ಜಿನ್ನಪ್ಪ. ಅದೇ ದಪ್ಪ ಹುಬ್ಬು, ಅದೇ ಸೊಟ್ಟ ಮೂಗು. ಮುಖ ಮಾತ್ರ ಬೆಣ್ಣೆಯಷ್ಟು ನುಣುಪು. ಒಂದೇ ಒಂದು ಕಲೆಯಿಲ್ಲ, ಒಂದು ಗುಳ್ಳೆಯ ಗುರುತಿಲ್ಲ.

"ನಿಮಗ ದೇವಿ ಬ್ಯಾನಿ..." ಶಿವಯೋಗೆಪ್ಪನ ಮಾತು ಅರ್ಧಕ್ಕೆ ನಿಂತಿತು.

"ಬಂದ ಇಲ್ರಿ ನನಗ," ಎಂದ ಜಿನ್ನಪ್ಪ. "ಮಾಲ ತರಾಕ ಊರ ಬಿಟ್ಟಿದ್ದೆ, ತಿರುಗಿ ಬರೂದ್ರಾಗ ನನ್ನ ಹೆಸರಿನ್ಯಾಗ ಒಂದ ಹೆಣಾ ಸುಟ್ಟಿದ್ರಿ."

"ಮತ್ತ ನಾವು ಸುಟ್ಟದ್ದು ಯಾರನ್ನ?"

"ಅದನ್ನ ಹೇಳ್ತೀನಂತ ಗಿರಿಮಲ್ಲಪ್ಪ ಒಪ್ಪಿದ್ದ. ಮಂದಿ ಅಂಜಿ ಸುಳಿಯದ ಜಾಗಾ ಅಂತ ಅಂಗಡಿಗೇ ಕರಸಿದ್ದೆ, ಗುರ್ತ ಸಿಗಬಾರದಂತ ಮುಖಕ್ಕ ಅರಿವಿ ಸುತ್ಕೊಂಡಿದ್ದೆ. ಅನಂತಪ್ಪ ನನ್ನ ನೋಡಿದ ಮ್ಯಾಲೆ ಅಲ್ಲಿ ಉಳಿಯೂ ಹಂಗಿರ್ಲಿಲ್ಲ, ಹಿತ್ತಲದಾಗಿನ ಬಣವಿ ಹಿಂದ ಹೋಗಿ ನಿಂತೆ. ಗಿರಿಮಲ್ಲಪ್ಪ ಒಳಗ ಹೋದದ್ದು ನೋಡಿದೆ. ಅವನ ಹಿಂದ ಇನ್ನೊಬ್ಬಾಂವ ಹೋದದ್ದೂ ನೋಡಿದೆ." ಜಿನ್ನಪ್ಪನ ಕಣ್ಣು ಫೌಜದಾರನ ಭುಜದಾಚೆಗೆ ಸರಿದು ಅಲ್ಲೇ ನಿಂತವು. "ಹೊರಗ ಬಂದಾಂವ ಒಬ್ಬನ. ಅಂವನ್ನ ನೀವು ಜತಿಗೇ ಕರಕೊಂಡ ಬಂದೀರಿ ಸಾಹೇಬ್ರ."

ಪದ್ಮವ್ವನೂ ಅತ್ತಲೇ ನೋಡುತ್ತಿದ್ದಳು.

ಶಿವಯೋಗೆಪ್ಪನ ಬೆನ್ನ ಹಿಂದೆ ಇದ್ದವರು ಇಬ್ಬರೇ. ಅನಂತಪ್ಪ. ಭೀಮಪ್ಪ.

ಅವನು ತಿರುಗುವ ಮೊದಲೇ ತಲೆಬಾಗಿಲ ಅಗಳಿ ಒಳಗಿಂದ ಬಿದ್ದ ಸಪ್ಪಳವಾಯಿತು, ಅದರ ಬೆನ್ನಿಗೇ ಲಾಠಿ ಕದಕ್ಕೆ ತಾಗಿದ ಸದ್ದು.